ಆಪ್ಷನ್ ಎಂಟ್ರಿಗೆ ಮೊದಲು ಮನೆಯ ಲೆಕ್ಕದ ಪುಸ್ತಕ ತೆರೆಯಿರಿ

2023ರ ಜುಲೈ ತಿಂಗಳ ಒಂದು ರಾತ್ರಿ. ಅರಸೀಕೆರೆಯ ನಮ್ಮ ಮನೆಯಲ್ಲಿ ಊಟ ಮುಗಿದಿತ್ತು. ಮಗಳು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ನೀಲಿ ಪೆನ್ನಿನಲ್ಲಿ 38 ಕಾಲೇಜುಗಳ ಹೆಸರು ಬರೆದಿದ್ದಳು. ಸಿಇಟಿ ರ‍್ಯಾಂಕ್ ಬಂದಾಗಿತ್ತು, ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆದು ಕೊಡುವುದಕ್ಕೆ, ಕಾಯುತ್ತಿದ್ದೆವು. 38ರಲ್ಲಿ 35 ಬೆಂಗಳೂರಿನವೇ. ನಮ್ಮ ಯಜಮಾನರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಏನೂ ಹೇಳದೆ ಎದ್ದು ಜಗಲಿಗೆ ಹೋಗಿ ಕೂತರು.

ಅವರು ಯಾಕೆ ಎದ್ದು ಹೋದರು ಅಂತ ನನಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಹದಿನೇಳು ವರ್ಷ ಸಾಕಿದ ಮಗುವಿಗೆ ತೆಂಗಿನ ತೋಟದಿಂದ ಎಷ್ಟು ಬರುತ್ತದೆ, ಅಂಗಡಿಯಿಂದ ಎಷ್ಟು ಬರುತ್ತದೆ, ಅಣ್ಣನ ಓದಿನ ಸಾಲ ಎಷ್ಟಿದೆ ಅಂತ ನಾವು ಒಂದು ದಿನವೂ ಕೂತು ಹೇಳಿರಲಿಲ್ಲ. "ನೀನು ಚೆನ್ನಾಗಿ ಓದು, ದುಡ್ಡಿನ ಚಿಂತೆ ನಮಗಿರಲಿ" ಅಂತಲೇ ಬೆಳೆಸಿದ್ದೆವು. ಪ್ರೀತಿಯಿಂದ ಹೇಳಿದ ಮಾತು. ಆದರೆ ಕಾಲೇಜು ಆರಿಸುವ ಹೊತ್ತಿಗೆ ಅದೇ ಮಾತು ಮಗುವಿನ ಕಣ್ಣು ಕಟ್ಟಿಬಿಡುತ್ತದೆ.

ಇಬ್ಬರು ಮಕ್ಕಳನ್ನು ಕಾಲೇಜಿಗೆ ಸೇರಿಸಿದ ಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲನೆಯವನ ಸಲ ಕೈ ಸುಟ್ಟುಕೊಂಡೆವು. ಎರಡನೆಯವಳ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಹೆಚ್ಚಾಗಿ ಎಂಜಿನಿಯರಿಂಗ್ ಬಗ್ಗೆಯೇ ಬರೆಯುತ್ತೇನೆ, ಯಾಕಂದರೆ ನಾನು ಓಡಾಡಿದ್ದು ಅದಕ್ಕೇ. ಡಿಗ್ರಿ, ನರ್ಸಿಂಗ್ ಅಂತ ಯೋಚಿಸುವವರಿಗೂ ಲೆಕ್ಕ ಹಾಕುವ ದಾರಿ ಒಂದೇ.

1. ಮೊದಲು ಮಾತು, ಆಮೇಲೆ ಪಟ್ಟಿ

ಈ ಮಾತು ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಆಗಲಿ. ರ‍್ಯಾಂಕ್ ಬಂದ ಮೇಲೆ ಮಕ್ಕಳು ಗೆಳೆಯರ ಜೊತೆ ಮಾತಾಡಿ ಮನಸ್ಸಿನಲ್ಲಿ ಒಂದು ಕಾಲೇಜು ಕಟ್ಟಿಕೊಂಡಿರುತ್ತಾರೆ. ಆಗ ನೀವು ದುಡ್ಡಿನ ವಿಷಯ ತೆಗೆದರೆ ಅದು ಅವರ ಕಿವಿಗೆ "ಬೇಡ" ಅಂತಲೇ ಕೇಳಿಸುತ್ತದೆ.

ಲೆಕ್ಕದ ಪುಸ್ತಕ ತೆಗೆದು ಮಗುವಿನ ಮುಂದೆ ಇಡಿ. ವರ್ಷಕ್ಕೆ ಇಷ್ಟು ಬರುತ್ತದೆ, ಮನೆ ಖರ್ಚು ಇಷ್ಟು, ಸಾಲ ಇಷ್ಟು, ನಿನ್ನ ಓದಿಗೆ ನಾವು ವರ್ಷಕ್ಕೆ ಇಷ್ಟು ಹಾಕಬಹುದು ಅಂತ ಒಂದು ಅಂಕಿ ಹೇಳಿ. "ನೋಡೋಣ", "ಹೇಗೋ ಆಗುತ್ತೆ" ಅನ್ನಬೇಡಿ. ಬೇಸಾಯದ ಮನೆಯಾದರೆ ಕೊಬ್ಬರಿಗೆ ಒಳ್ಳೆ ಬೆಲೆ ಬಂದ ವರ್ಷವನ್ನು ಹಿಡಿದು ಲೆಕ್ಕ ಹಾಕಬೇಡಿ. ಬೆಲೆ ಬಿದ್ದ ವರ್ಷ ಎಷ್ಟು ಕೊಡಬಹುದೋ ಅದೇ ನಿಮ್ಮ ಅಂಕಿ.

ಒಂದು ಮಾತನ್ನು ಮಾತ್ರ ಆಡಬೇಡಿ: "ನಿನಗೋಸ್ಕರ ಹೊಟ್ಟೆ ಬಟ್ಟೆ ಕಟ್ಟಿದ್ದೇವೆ." ನಿಜವೇ ಇರಬಹುದು. ಆದರೆ ಅದನ್ನು ಕೇಳಿದ ಮಗು ತನಗೆ ಬೇಕಾದದ್ದನ್ನು ಹೇಳುವುದನ್ನೇ ನಿಲ್ಲಿಸುತ್ತದೆ. ಅವರ ಮನಸ್ಸಿನಲ್ಲಿ ಇರುವುದು ನಿಮಗೆ ಗೊತ್ತಾಗಬೇಕು, ಅಲ್ವಾ? ಯಾವ ವಿಷಯ ಇಷ್ಟ, ಮನೆ ಬಿಟ್ಟು ಇರಬಲ್ಲರಾ, ಯಾವ ಕೆಲಸಕ್ಕೆ ಹೋಗಬೇಕು ಅನ್ನಿಸುತ್ತದೆ ಅಂತ ಕೇಳಿ. ಆಮೇಲೆ ಸುಮ್ನೆ ಕೂತು ಕೇಳಿಸಿಕೊಳ್ಳಿ.

ನನ್ನ ಮಗಳು ಆ ರಾತ್ರಿ ಒಂದು ಪ್ರಶ್ನೆ ಕೇಳಿದಳು. "ಅಣ್ಣನಿಗೆ ಬೆಂಗಳೂರು, ನನಗೆ ಹಾಸನವಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಕಡೆ ಇದು ಎಷ್ಟು ಮನೆಗಳಲ್ಲಿ ನಡೆಯುತ್ತದೆ! ಗಂಡುಮಗನಿಗೆ ಸಾಲ ಮಾಡುತ್ತಾರೆ, ಹೆಣ್ಣುಮಗಳ ಹೊತ್ತಿಗೆ "ಹತ್ತಿರವೇ ಇರಲಿ" ಅನ್ನುತ್ತಾರೆ. ನಾನು ಬ್ಯಾಂಕಿನಿಂದ ತಂದಿದ್ದ ಅವಳ ಅಣ್ಣನ ಸಾಲದ ಸ್ಟೇಟ್‌ಮೆಂಟ್ ತೆಗೆದು ಕೊಟ್ಟೆ. ಐದು ಲಕ್ಷ ತೆಗೆದದ್ದು ಆರೂಕಾಲು ಲಕ್ಷವಾಗಿತ್ತು, ಇನ್ನೂ ಒಂದು ಕಂತೂ ಕಟ್ಟಿರಲಿಲ್ಲ. ಮಗನೇ ಫೋನಿನಲ್ಲಿ ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿದ. ಆಮೇಲೆ ನಾವು ಅವಳಿಗೆ ಒಂದು ಮಾತು ಕೊಟ್ಟೆವು: ಅಣ್ಣನಿಗೆ ಎಷ್ಟು ಎತ್ತಿಟ್ಟಿದ್ದೆವೋ ನಿನಗೂ ಅಷ್ಟೇ. ನೀನು ಕಡಿಮೆ ಖರ್ಚಿನ ಕಾಲೇಜಿಗೆ ಹೋದರೆ ಉಳಿದದ್ದು ನಿನ್ನ ಹೆಸರಿನಲ್ಲೇ ಇರುತ್ತದೆ, ಎಂ.ಟೆಕ್‌ಗೋ ಇನ್ನೇನಕ್ಕೋ ನೀನೇ ಬಳಸು. ಹಾಗೇ ಪೋಸ್ಟಾಫೀಸಿನಲ್ಲಿ ಇಟ್ಟಿದ್ದೇವೆ. ಈ ಸಮಾನತೆ ಇಲ್ಲದಿದ್ದರೆ ಮಗಳನ್ನು ಒಪ್ಪಿಸುವ ಹಕ್ಕು ನಮಗೆ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

2. ಪೂರ್ತಿ ಕೋರ್ಸಿನ ಖರ್ಚು ಬರೆಯಿರಿ

ಎಲ್ಲರೂ ಕೇಳುವುದು "ಫೀಸ್ ಎಷ್ಟು?" ಅಂತ. ಅದು ಮೊದಲ ವರ್ಷದ ಫೀಸ್ ಅಷ್ಟೇ. ಮಗು ಓದು ಮುಗಿಸಿ ಹೊರಗೆ ಬರುವ ತನಕ ನಮ್ಮ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಅಂತ ಬರೆದು ನೋಡಿ.

ಅವತ್ತು ನಾನೂ ಮಗಳೂ ಬರೆದ ಎರಡು ಪುಟಗಳನ್ನು ಹಾಗೇ ಕೊಡುತ್ತೇನೆ. ಇವು 2023ರ ನಮ್ಮ ಅಂದಾಜು. ಈ ವರ್ಷದ ಫೀಸನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರಕಟಿಸುವ ಪಟ್ಟಿಯಲ್ಲೇ ನೋಡಿಕೊಳ್ಳಿ.

ಎಡಗಡೆ ಪುಟ: ಬೆಂಗಳೂರಿನ ಖಾಸಗಿ ಕಾಲೇಜು, ಸಿಇಟಿಯ ಸರ್ಕಾರಿ ಸೀಟು (ಸಿಇಟಿ ಮೂಲಕ ಸರ್ಕಾರ ಹಂಚುವ ಸೀಟು). ಫೀಸ್ ವರ್ಷಕ್ಕೆ 1 ಲಕ್ಷದಂತೆ 4,00,000. ಪಿಜಿ, ಅಂದರೆ ಪೇಯಿಂಗ್ ಗೆಸ್ಟ್ ವಸತಿ, ತಿಂಗಳಿಗೆ 8,500, ವರ್ಷಕ್ಕೆ 11 ತಿಂಗಳು, ನಾಲ್ಕು ವರ್ಷಕ್ಕೆ 3,74,000. ಓಡಾಟ, ಕೈಖರ್ಚು ತಿಂಗಳಿಗೆ 2,500, ಒಟ್ಟು 1,10,000. ಕಾಲೇಜು ಬೇರೆ ಬೇರೆ ಹೆಸರಿನಲ್ಲಿ ಕೇಳುವುದು ವರ್ಷಕ್ಕೆ 20,000, ಅಂದರೆ 80,000. ಪರೀಕ್ಷೆ ಶುಲ್ಕ, ಪುಸ್ತಕ, ಪ್ರಾಜೆಕ್ಟ್ 60,000. ಲ್ಯಾಪ್‌ಟಾಪ್ 50,000. ಒಟ್ಟು 10,74,000.

ಬಲಗಡೆ ಪುಟ: ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಮನೆಯಿಂದ ಓಡಾಟ. ಫೀಸ್ ವರ್ಷಕ್ಕೆ 40,000ದಂತೆ 1,60,000. ಆಟೋ, ತಿಂಡಿ ತಿಂಗಳಿಗೆ 1,500ರಂತೆ 66,000. ಪರೀಕ್ಷೆ, ಪುಸ್ತಕ 60,000. ಲ್ಯಾಪ್‌ಟಾಪ್ 50,000. ಬಸ್ಸಿಗೆ ಸೊನ್ನೆ, ಯಾಕಂದರೆ ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇರಲಿಲ್ಲ. ಒಟ್ಟು 3,36,000.

ವ್ಯತ್ಯಾಸ 7,38,000. ಮಗಳು ಅದರ ಕೆಳಗೆ ಎರಡು ಗೆರೆ ಎಳೆದಳು. "ಅಮ್ಮ, ಇಷ್ಟೊಂದಾ?" ಅಂದಳು. ನಾನು ಬೇರೆ ಏನೂ ಹೇಳಬೇಕಾಗಲಿಲ್ಲ.

ಈ ಲೆಕ್ಕವನ್ನು ಮಗುವಿನ ಕೈಯಲ್ಲೇ ಬರೆಸಿ. ನಾವು ಬರೆದು ತೋರಿಸಿದರೆ ಅದು ಅಪ್ಪ ಅಮ್ಮನ ವಾದ. ಅವರೇ ಬರೆದರೆ ಅದು ಅವರ ಲೆಕ್ಕ. ಪಿಜಿ ಬಾಡಿಗೆಯನ್ನು ಅವರೇ ಫೋನ್ ಮಾಡಿ ಕೇಳಲಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತಲೂ ಕೇಳಲಿ.

ಓಡಾಟದ ವಿಷಯದಲ್ಲಿ ಒಂದು ಎಚ್ಚರಿಕೆ. ಬಸ್ಸು ಉಚಿತ ಅಂತ ದಿನಕ್ಕೆ ಐದು ಗಂಟೆ ಪ್ರಯಾಣ ಮಾಡಿಸಬೇಡಿ. ಒಂದು ಕಡೆಗೆ ಒಂದೂವರೆ ಗಂಟೆ ಮೀರಿದರೆ ಹಾಸ್ಟೆಲ್ ನೋಡಿ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇವೆ. ಬೆಂಗಳೂರು, ಮೈಸೂರುಗಳಲ್ಲಿ ಸಮುದಾಯದ ಸಂಘಗಳು, ಮಠಗಳು ನಡೆಸುವ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಅರ್ಜಿ ಕರೆಯುವುದು ಕಾಲೇಜು ಶುರುವಾಗುವ ಹೊತ್ತಿಗೆ, ಸೀಟು ತುಂಬುವುದು ಬೇಗ. ಮೊದಲೇ ಹೋಗಿ ವಿಚಾರಿಸಿಕೊಂಡು ಬನ್ನಿ.

3. ಒಂದೇ ಬೆಂಚು, ಬೇರೆ ಬೇರೆ ಬೆಲೆ

ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತವರು ಬೇರೆ ಬೇರೆ ಫೀಸ್ ಕಟ್ಟಿರುತ್ತಾರೆ. ಪಾಠ ಒಂದೇ, ಡಿಗ್ರಿ ಒಂದೇ.

ಸಿಇಟಿ ಮೂಲಕ ಖಾಸಗಿ ಕಾಲೇಜಿನಲ್ಲಿ ಸಿಗುವ ಸರ್ಕಾರಿ ಸೀಟಿಗೆ ಫೀಸ್ ಒಂದು ಲಕ್ಷದ ಆಸುಪಾಸು. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಾದರೆ ಸುಮಾರು ಎರಡು ಲಕ್ಷದಿಂದ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜು ಹೇಳಿದ್ದೇ ಬೆಲೆ. ಇನ್ನೊಂದು ಕಡೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ: ಹಾಸನ, ರಾಮನಗರ, ಹಾವೇರಿ, ಕಾರವಾರ, ಚಾಮರಾಜನಗರ, ಕೆ.ಆರ್. ಪೇಟೆ, ಕುಶಾಲನಗರ, ಚಳ್ಳಕೆರೆ, ಹೂವಿನಹಡಗಲಿ. ದಾವಣಗೆರೆಯ ಬಿಡಿಟಿ, ಬೆಂಗಳೂರಿನ ಯುವಿಸಿಇ ಇವೆ. ಯುವಿಸಿಇ ಅಂದರೆ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು. ಒಳ್ಳೆ ರ‍್ಯಾಂಕ್ ಇರುವ ಮಗು ಖಾಸಗಿ ಕಾಲೇಜಿನ ಹೊಳಪು ನೋಡಿ ಇದನ್ನು ಬಿಡುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇವೆರಡರ ನಡುವೆ ಅನುದಾನಿತ ಸೀಟು ಅಂತ ಒಂದಿದೆ. ಹಾಸನದ ಮಲೆನಾಡು, ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ, ಬೆಂಗಳೂರಿನ ಬಿಎಂಎಸ್‌ನಂಥ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚುಗಳಿಗೆ ಸರ್ಕಾರದ ಅನುದಾನ ಇದೆ. ಆ ಬ್ರಾಂಚುಗಳ ಫೀಸ್ ಖಾಸಗಿ ಸೀಟಿಗಿಂತ ತುಂಬಾ ಕಡಿಮೆ. ಹೆಚ್ಚಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಥರದ ಹಳೆಯ ಬ್ರಾಂಚುಗಳೇ ಇರುತ್ತವೆ. ಕೆಇಎ ಪಟ್ಟಿಯಲ್ಲಿ ಯಾವುದು ಅನುದಾನಿತ, ಯಾವುದು ಅಲ್ಲ ಅಂತ ಕಣ್ಣಿಟ್ಟು ನೋಡಿ.

ಖಾಸಗಿ ವಿಶ್ವವಿದ್ಯಾಲಯ ಬೇರೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಖಾಸಗಿ ಕಾಲೇಜು ಬೇರೆ. ಎರಡರ ಫೀಸೂ ಒಂದೇ ಅಂದುಕೊಳ್ಳಬೇಡಿ.

ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರುವ ಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಅನ್ನುವ ಸೀಟುಗಳಿವೆ. ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು, ಅದಕ್ಕೆ ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಮಾತ್ರ. ಜಾತಿ ಯಾವುದಾದರೂ ಆದೀತು. ಸಿಇಟಿ ಅರ್ಜಿ ತುಂಬುವಾಗಲೇ ಇದನ್ನು ಕೇಳಿಕೊಂಡಿರಬೇಕು.

ಎಂಜಿನಿಯರಿಂಗ್ ಒಂದೇ ದಾರಿ ಅಂತಲೂ ತಿಳಿಯಬೇಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ, ಬಿಕಾಂ, ಬಿಸಿಎ ಓದುವುದಕ್ಕೆ ತಗಲುವ ಫೀಸು ಅನೇಕ ಕಡೆ ಒಂದು ಒಳ್ಳೆ ಮೊಬೈಲ್ ಬೆಲೆಗಿಂತ ಕಡಿಮೆ. 2024–25ರಿಂದ ಡಿಗ್ರಿ ಮತ್ತೆ ಮೂರೇ ವರ್ಷ ಆಗಿದೆ. ಮಗುವಿಗೆ ಪಾಠ ಹೇಳುವ ಆಸೆ ಇದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿಇಡಿ ಸೇರಿದ ನಾಲ್ಕು ವರ್ಷದ ಕೋರ್ಸು ಇದೆ. ಅದು ಎನ್‌ಸಿಇಆರ್‌ಟಿಯದು, ಖರ್ಚು ಕಡಿಮೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಾಲಿಟೆಕ್ನಿಕ್ ಮತ್ತು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇವೆ. ಡಿಪ್ಲೊಮಾ ಮುಗಿಸಿ ಅವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಕೈಕೆಲಸದಲ್ಲಿ ಆಸಕ್ತಿ ಇರುವ ಮಗುವಿಗೆ ನಾನು ಧೈರ್ಯವಾಗಿ ಹೇಳುವ ದಾರಿ ಇದು.

4. ಕಾಗದ ಪತ್ರ ಜನವರಿಯಲ್ಲೇ ಆಗಲಿ

ಫಲಿತಾಂಶ ಬಂದ ಮೇಲೆ ನಾಡಕಚೇರಿಯ ಮುಂದೆ ಸಾಲು ನೋಡಿದ್ದೀರಾ? ಆ ಸಾಲಿನಲ್ಲಿ ನೀವು ಇರಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಸಿಇಟಿಗೂ ಸ್ಕಾಲರ್‌ಶಿಪ್‌ಗೂ ಬೇಕಾಗುವುದು.

1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಬೇರೆಯೇ ಮೀಸಲಾತಿ ಇದೆ. ಶಾಲೆಯಿಂದ ತರಬೇಕಾದ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಎರಡೂ ಬೇಕಾಗುತ್ತದೆ. ಎರಡು ಶಾಲೆಯಲ್ಲಿ ಓದಿದ್ದರೆ ಎರಡು ಕಡೆಯಿಂದಲೂ ತರಬೇಕು. ನಮಗೆ ಇದಕ್ಕೇ ಹತ್ತು ದಿನ ಹಿಡಿಯಿತು.

ಆಧಾರ್‌ನಲ್ಲಿ ಇರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಒಂದೇ ಇದೆಯಾ ನೋಡಿ. ಮಗಳ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಮುಂದೆ ಇತ್ತು, ಆಧಾರ್‌ನಲ್ಲಿ ಇರಲೇ ಇಲ್ಲ. ಇಷ್ಟಕ್ಕೇ ಅರ್ಜಿ ಒಮ್ಮೆ ವಾಪಸ್ ಬಂತು. ಮಗುವಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಆಧಾರ್ ಜೋಡಣೆ ಆಗಿರಲಿ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಅಂತ ಇದೇ ಮಾತಿನಲ್ಲಿ ಕೇಳಿ. ಸರ್ಕಾರದ ಹಣ ಆಧಾರ್ ಮೂಲಕ ನೇರ ಖಾತೆಗೆ ಬರಲು ಬೇಕಾದ ಜೋಡಣೆ ಅದು. ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಅದು ಆಗಿರುವುದಿಲ್ಲ.

5. ಹೋಗಿ ನೋಡಿ, ಕ್ಯಾಂಟೀನಿನಲ್ಲಿ ಕೂತು ಕೇಳಿ

ಪಟ್ಟಿಯ ಮೊದಲ ನಾಲ್ಕೈದು ಕಾಲೇಜುಗಳಿಗಾದರೂ ಮಗುವನ್ನು ಕರೆದುಕೊಂಡು ಹೋಗಿ. ಅಡ್ಮಿಷನ್ ಆಫೀಸಿಗೆ ಆಮೇಲೆ ಹೋದರಾಯಿತು. ಮೊದಲು ಕ್ಯಾಂಟೀನಿಗೆ ಹೋಗಿ ಟೀ ತಗೊಳ್ಳಿ.

ಹಾಸನದಲ್ಲಿ ನಾವು ಹಾಗೇ ಮಾಡಿದೆವು. ಮೂರನೇ ವರ್ಷದ ಇಬ್ಬರು ಹುಡುಗಿಯರು ಸಿಕ್ಕರು. ಮಗಳನ್ನು ಅವರ ಜೊತೆ ಬಿಟ್ಟು ನಾನು ಬೇರೆ ಬೆಂಚಿಗೆ ಹೋದೆ. ಅಮ್ಮ ಪಕ್ಕದಲ್ಲಿದ್ದರೆ ಮಕ್ಕಳು ಕೇಳಬೇಕಾದದ್ದನ್ನು ಕೇಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಂದವಳು ಹೇಳಿದ್ದು: ಲ್ಯಾಬ್ ಪರವಾಗಿಲ್ಲ, ಎರಡು ವಿಷಯಕ್ಕೆ ಅತಿಥಿ ಉಪನ್ಯಾಸಕರು, ಕಂಪನಿಗಳು ಬೆಂಗಳೂರಿನಷ್ಟು ಬರುವುದಿಲ್ಲ, ಆದರೆ ಕೋಡಿಂಗ್ ಮಾಡುವ ಗುಂಪು ಚೆನ್ನಾಗಿದೆ. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಎರಡೂ ಗೊತ್ತಿದ್ದೇ ಸೇರಿದಳು. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಉಪನ್ಯಾಸಕರು ಬದಲಾದಾಗ ಅವಳು ಕಂಗೆಡಲಿಲ್ಲ.

ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಕಾದದ್ದು ಇಷ್ಟು. ಫೀಸ್ ಬಿಟ್ಟು ಹೋದ ವರ್ಷ ಬೇರೆ ಯಾವುದಕ್ಕೆಲ್ಲ ದುಡ್ಡು ತಗೊಂಡರು, ರಸೀದಿ ಕೊಟ್ಟರಾ? ಕಾಲೇಜ್ ಬಸ್ಸು ಕಡ್ಡಾಯವಾ? ಅಟೆಂಡೆನ್ಸ್ ಕಡಿಮೆಯಾದರೆ ದಂಡ ಎಷ್ಟು? ನಿಮ್ಮ ಬ್ರಾಂಚಿನಲ್ಲಿ ಹೋದ ವರ್ಷ ಎಷ್ಟು ಜನ ಇದ್ದರು, ಅದರಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ?

ಫ್ಲೆಕ್ಸ್ ಬೋರ್ಡಿನಲ್ಲಿ ಹಾಕುವ ದೊಡ್ಡ ಸಂಬಳ ಒಬ್ಬರದ್ದು. ನಿಮಗೆ ಬೇಕಾದದ್ದು ಸಾಲಿನ ನಡುವೆ ನಿಂತವರ ಸಂಬಳ. ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಆ ವರದಿ ಹಾಕಿರುತ್ತವೆ. ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ ಎಷ್ಟು ಅಂತ ಅದರಲ್ಲಿ ಇರುತ್ತದೆ. ಬ್ರಾಂಚಿಗೆ ತಾಂತ್ರಿಕ ಕೋರ್ಸುಗಳ ಗುಣಮಟ್ಟ ನೋಡುವ ಎನ್‌ಬಿಎಯ ಮಾನ್ಯತೆ ಇದೆಯಾ ಅಂತಲೂ ನೋಡಿ.

6. ಆಪ್ಷನ್ ಬರೆಯುವ ದಿನ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆ ರ‍್ಯಾಂಕ್ ಹಿಡಿದುಕೊಂಡು ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟಾಫ್, ಅಂದರೆ ಪ್ರತಿ ಸೀಟು ಎಷ್ಟನೇ ಸ್ಥಾನದವರೆಗೆ ಸಿಕ್ಕಿತ್ತು ಅನ್ನುವುದನ್ನು, ನೋಡಿ. ನಿಮ್ಮ ವರ್ಗದ ಕಾಲಂ ಯಾವುದು ಅಂತ ಸರಿಯಾಗಿ ಗುರುತಿಸಿಕೊಳ್ಳಿ. ಪಕ್ಕದ ಕಾಲಂ ನೋಡಿ ಆಸೆ ಪಟ್ಟವರನ್ನು ಕಂಡಿದ್ದೇನೆ.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಓದಿಕೊಂಡು ಬರುತ್ತದೆ. ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಟ್ಟುಬಿಡುತ್ತದೆ. ನಿಮ್ಮ ಜೇಬು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮನೆಗೆ ಎಟುಕದ ಕಾಲೇಜನ್ನು ಪಟ್ಟಿಗೇ ಹಾಕಬೇಡಿ. "ಸಿಕ್ಕರೆ ನೋಡೋಣ" ಅಂತ ಮೇಲೆ ಬರೆದರೆ ಅದೇ ಸಿಗುತ್ತದೆ, ಅದರ ಕೆಳಗೆ ಇದ್ದ ಸರ್ಕಾರಿ ಕಾಲೇಜು ಕೈತಪ್ಪುತ್ತದೆ. ನಾವು ಪ್ರತಿ ಹೆಸರಿನ ಎದುರು ಒಟ್ಟು ಖರ್ಚು ಬರೆದು, ನಮ್ಮ ಅಂಕಿ ಮೀರಿದ್ದನ್ನೆಲ್ಲ ಹೊಡೆದು ಹಾಕಿದೆವು. 38 ಹೋಗಿ 14 ಉಳಿಯಿತು. ಆ 14ನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನುವುದು ಪೂರ್ತಿ ಮಗಳ ತೀರ್ಮಾನ. ನಾವು ಬಾಯಿ ಹಾಕಲಿಲ್ಲ.

ಮೊದಲು ಅಣಕು ಹಂಚಿಕೆ, ಅಂದರೆ ಯಾವ ಸೀಟು ಸಿಗಬಹುದು ಅಂತ ತೋರಿಸುವ ಪ್ರಯೋಗದ ಹಂಚಿಕೆ, ಬರುತ್ತದೆ. ಅದು ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ, ಅದನ್ನು ಬಿಡಬೇಡಿ. ನಿಜವಾದ ಹಂಚಿಕೆಯ ನಂತರ ಚಾಯ್ಸ್ ಕೇಳುತ್ತಾರೆ. ಒಂದನೆಯದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡನೆಯದು ಇದು ಇರಲಿ, ಮೇಲಿನದು ಸಿಗುತ್ತದಾ ನೋಡುತ್ತೇನೆ. ಮೂರನೆಯದು ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು ಪೂರ್ತಿ ಹೊರಗೆ. ಮೂರನೆಯದನ್ನು ಒತ್ತಿದರೆ ಕೈಯಲ್ಲಿರುವ ಸೀಟು ಹೋಗುತ್ತದೆ. ಹೀಗಾಗಿ ಈ ನಿರ್ಧಾರವನ್ನು ಮನೆಯವರೆಲ್ಲ ಕೂತೇ ಮಾಡಿ. ಸೈಬರ್ ಸೆಂಟರಿನ ಹುಡುಗ ಹೇಳಿದ ಅಂತ ಒತ್ತಬೇಡಿ. ಪಾಸ್‌ವರ್ಡ್, ಓಟಿಪಿ ಕೂಡ ನಿಮ್ಮ ಹತ್ತಿರವೇ ಇರಲಿ.

7. ಸೀಟು ಬ್ಲಾಕ್ ಮಾಡಲು ಮುಂಗಡ ಕೊಡಬೇಡಿ

2019ರಲ್ಲಿ ಮಗನ ಸಲ ನಮಗೆ ಆದದ್ದು ಇದು. ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಒಂದು ಕಾಲೇಜಿನಿಂದ ಫೋನ್ ಬಂತು. "ಸೀಟು ತುಂಬುತ್ತಿದೆ, ಇವತ್ತೇ ಐವತ್ತು ಸಾವಿರ ಕಟ್ಟಿ" ಅಂದರು. ಹೆದರಿ ಕಟ್ಟಿದೆವು, ಮೂಲ ಅಂಕಪಟ್ಟಿಯನ್ನೂ ಕೊಟ್ಟೆವು. ಎರಡು ತಿಂಗಳಿಗೆ ಸಿಇಟಿಯಲ್ಲೇ ಬೇರೆ ಕಡೆ ಸೀಟು ಸಿಕ್ಕಿತು. ಅಂಕಪಟ್ಟಿ ವಾಪಸ್ ಪಡೆಯಲು ಮೂರು ಸಲ ಬೆಂಗಳೂರಿಗೆ ಹೋದೆವು. ದುಡ್ಡು ಬರಲೇ ಇಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ನಿಯಮ ಮಾಡಿತ್ತು, ನಮಗೆ ಗೊತ್ತಿರಲಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಬಿಟ್ಟು ಪೂರ್ತಿ ಫೀಸ್ ವಾಪಸ್ ಕೊಡಬೇಕು. ಆಮೇಲೆ ದಿನ ಕಳೆದಂತೆ ಶೇ. 90, 80, 50 ಅಂತ ಇಳಿಯುತ್ತದೆ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಯಾರಿಗಾದರೂ ದುಡ್ಡು ಕಟ್ಟಲೇಬೇಕಾದರೆ ಬ್ಯಾಂಕ್ ಮೂಲಕ ಕಟ್ಟಿ, ಕಾಲೇಜಿನ ರಸೀದಿ ತಗೊಳ್ಳಿ. ಏಜೆಂಟರ ಕೈಗೆ ನಗದು ಕೊಡಲೇಬೇಡಿ.

8. ಸ್ಕಾಲರ್‌ಶಿಪ್ ಬರುತ್ತದೆ, ಆದರೆ ತಡವಾಗಿ

ರಾಜ್ಯದ ಎಲ್ಲ ಇಲಾಖೆಗಳ ಸ್ಕಾಲರ್‌ಶಿಪ್‌ಗೂ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಲ್ಪಸಂಖ್ಯಾತರಿಗೆ ಇಲ್ಲೇ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಅದಕ್ಕೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು, ಪಹಣಿ ಜೋಡಣೆ ಆಗಿರಬೇಕು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದವರ ಮಕ್ಕಳಿಗೆ ಬೇರೆ ಸಹಾಯಧನ ಇದೆ.

ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್‌ಗೆ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದು ಮನೆಯ ಆದಾಯ 4.5 ಲಕ್ಷದೊಳಗೆ ಇದ್ದರೆ ಪದವಿಗೆ ವರ್ಷಕ್ಕೆ 12,000 ರೂಪಾಯಿ ಸಿಗುವ ಯೋಜನೆ ಇದೆ. ತಾಂತ್ರಿಕ ಕೋರ್ಸು ಓದುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್: ವರ್ಷಕ್ಕೆ 50,000, ಆದಾಯದ ಮಿತಿ 8 ಲಕ್ಷ. ಇದಕ್ಕೆ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ನನ್ನ ಮಗಳಿಗೆ ಸಿಗಲಿಲ್ಲ, ಅವಳ ಪಕ್ಕದಲ್ಲಿ ಕೂರುವವಳಿಗೆ ಸಿಕ್ಕಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ, ಅದು ವರ್ಷಕ್ಕೆ 30,000.

ಆದರೆ ಫೀಸ್ ಕಟ್ಟುವ ದಿನಕ್ಕೆ ಈ ದುಡ್ಡನ್ನು ನಂಬಿಕೊಳ್ಳಬೇಡಿ. ಮಗಳಿಗೆ ಮೊದಲ ವರ್ಷದ ಹಣ ಬಂದದ್ದು ವರ್ಷ ಮುಗಿಯುವ ಹೊತ್ತಿಗೆ. ಖರ್ಚಿನ ಪುಟದಲ್ಲಿ ಸ್ಕಾಲರ್‌ಶಿಪ್ ಕಳೆಯದೇ ಲೆಕ್ಕ ಹಾಕಿ. ಬಂದರೆ ಮುಂದಿನ ವರ್ಷಕ್ಕಾಯಿತು.

9. ಸಾಲ ತೆಗೆಯುವುದಾದರೆ

ಮಗನ ಸಾಲದ ಲೆಕ್ಕ ಹೇಳುತ್ತೇನೆ. ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ಸಲ, ಒಟ್ಟು 5 ಲಕ್ಷ. ಬಡ್ಡಿ ಶೇ. 10. ಓದುವಾಗಲೂ, ಓದು ಮುಗಿದು ಒಂದು ವರ್ಷವೂ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ನಾವು ನಿರಾಳವಾಗಿ ಕೂತೆವು. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಐದು ವರ್ಷಕ್ಕೆ 1.75 ಲಕ್ಷ ಬಡ್ಡಿ ಸೇರಿ ಕಂತು ಶುರುವಾಗುವ ಹೊತ್ತಿಗೆ ಸಾಲ 6.75 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು 8,900 ಚಿಲ್ಲರೆ. ಅವನ ಮೊದಲ ಸಂಬಳ 28,000. ಮೂರರಲ್ಲಿ ಒಂದು ಪಾಲು ಬ್ಯಾಂಕಿಗೆ. ಬೆಂಗಳೂರಿನ ಬಾಡಿಗೆ ಕೊಟ್ಟು ಅವನು ಉಳಿಸುವುದೇನು?

ಓದುವ ಕಾಲದಲ್ಲೇ ಬಡ್ಡಿ ಕಟ್ಟಿಕೊಂಡು ಹೋಗಿದ್ದರೆ ಮೊದಲ ವರ್ಷ ತಿಂಗಳಿಗೆ ಸಾವಿರ ಚಿಲ್ಲರೆ, ನಾಲ್ಕನೇ ವರ್ಷ ನಾಲ್ಕು ಸಾವಿರ ಚಿಲ್ಲರೆ ಆಗುತ್ತಿತ್ತು. ಆಗ ಕಂತು 6,600ಕ್ಕೆ ನಿಲ್ಲುತ್ತಿತ್ತು. ಬ್ಯಾಂಕಿನಲ್ಲಿ ಇದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ, ನಾವೇ ಕೇಳಬೇಕು. ನನ್ನ ಅಳತೆ ಇಷ್ಟು: ಆ ಕಾಲೇಜಿನಲ್ಲಿ ಮಧ್ಯದ ವಿದ್ಯಾರ್ಥಿಗೆ ಸಿಗುವ ಸಂಬಳದ ಕಾಲು ಭಾಗಕ್ಕಿಂತ ಕಂತು ಜಾಸ್ತಿ ಆಗುವುದಾದರೆ ಅಷ್ಟು ಸಾಲ ಬೇಡ.

ಸರ್ಕಾರಿ ಬ್ಯಾಂಕುಗಳಲ್ಲಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು, ಮನೆ ಅಡ ಇಡಬೇಕಿಲ್ಲ. ಕೇಳಿದರೆ ಕೊಡಬೇಡಿ, ನಿಯಮ ತೋರಿಸಿ ಮಾತಾಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದು ಬೇರೆ ಸ್ಕಾಲರ್‌ಶಿಪ್ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಸೇರುವ ಮೊದಲೇ ನೋಡಿ. ಬ್ಯಾಂಕಿಗೆ ಹೋಗುವ ಮುಂಚೆ ಡಿ. ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವನ್ನು ವಿಚಾರಿಸಿ. ಅದಕ್ಕೆ ಬಡ್ಡಿ ಶೇ. 2 ಮಾತ್ರ.

10. ಸೇರಿದ ಮೇಲೆ

ಒಂದು ಫೈಲ್ ಮಾಡಿ. ಪ್ರತಿ ರಸೀದಿ, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಎಸ್‌ಎಸ್‌ಪಿ ಅರ್ಜಿಯ ಪ್ರಿಂಟು ಅದರೊಳಗೆ ಇರಲಿ. ಸ್ಕಾಲರ್‌ಶಿಪ್‌ಗೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಒಮ್ಮೆ ಹಾಕಿದರೆ ಸಾಕು ಅಂತ ಬಿಟ್ಟವರಿಗೆ ಎರಡನೇ ವರ್ಷ ಬರುವುದಿಲ್ಲ.

ಜೂನ್ ಬಂದಾಗ ಮತ್ತೊಮ್ಮೆ ಲೆಕ್ಕದ ಪುಸ್ತಕ ತೆಗೆದು ಅಂದಾಜು ಎಷ್ಟಿತ್ತು, ಹೋದದ್ದು ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ. ನಮ್ಮದರಲ್ಲಿ ಆಟೋ ಖರ್ಚು ಅಂದಾಜಿಗಿಂತ ಜಾಸ್ತಿ ಆಗಿತ್ತು, ಪುಸ್ತಕದ ಖರ್ಚು ಕಡಿಮೆ, ಯಾಕಂದರೆ ಹಿರಿಯರಿಂದ ಹಳೆಯ ಪುಸ್ತಕ ಸಿಕ್ಕಿತು. ಆ ಪುಟವನ್ನು ಈಗ ಮಗಳೇ ಬರೆಯುತ್ತಾಳೆ. ಹೋದ ತಿಂಗಳು ಪಕ್ಕದ ಮನೆಯ ಹುಡುಗ ಅವನ ಪಟ್ಟಿ ಹಿಡಿದುಕೊಂಡು ಬಂದಿದ್ದ. ಅವಳು ಅವನಿಗೆ ಮೊದಲು ಕೇಳಿದ್ದು, "ವರ್ಷಕ್ಕೆ ಎಷ್ಟು ಅಂತ ಅಪ್ಪ ಅಂಕಿ ಹೇಳಿದ್ದಾರಾ?" ಅಂತ. ಅವನು ಇಲ್ಲ ಅಂದ. ಪಟ್ಟಿಯನ್ನು ಮಡಚಿ ಕೊಟ್ಟು, ಕೇಳಿಕೊಂಡು ಬಾ ಅಂತ ಕಳಿಸಿದಳು.